ನೀವು ಬರೆದ ಚೇಂಬರ್ ಸಂಗೀತವನ್ನು ನಾಲ್ಕು ಜನರ ಮುಂದಿಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತಿಂಗಳುಗಟ್ಟಲೆ ಕೂತು ಒಂದು ಸ್ಟ್ರಿಂಗ್ ಕ್ವಾರ್ಟೆಟ್, ಅಂದರೆ ಎರಡು ವಯೊಲಿನ್, ಒಂದು ವಯೋಲಾ, ಒಂದು ಚೆಲ್ಲೋಗೆ ಕೃತಿ, ಬರೆಯುತ್ತೀರಿ. ಸಂಗೀತ ಗೊತ್ತಿರುವ ಒಬ್ಬರಿಗೆ ಕಳಿಸುತ್ತೀರಿ. ಬಹಳ ದಿನ ಸುದ್ದಿಯೇ ಇಲ್ಲ. ಕೊನೆಗೆ "ಚೆನ್ನಾಗಿದೆ, ಹೀಗೇ ಬರೀತಾ ಇರಿ" ಎಂದು ಒಂದು ಸಾಲು ಬರುತ್ತದೆ. ಅದನ್ನಿಟ್ಟುಕೊಂಡು ಏನು ಮಾಡುವುದು? ಎಲ್ಲಿ ಕಿವಿ ನಿಂತಿತು, ಎಲ್ಲಿ ಬೇಸರ ಬಂತು, ವಯೋಲಾದ ಆ ಸಾಲು ಕೇಳಿಸಿತೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ.

ಇದರಲ್ಲಿ ಕೇಳಿದವರ ತಪ್ಪು ಕಡಿಮೆ. ನೀವು ಏನು ಕೇಳಿಸಿದಿರಿ, ಯಾರಿಗೆ ಕೇಳಿಸಿದಿರಿ, ಯಾವ ಪ್ರಶ್ನೆ ಹಾಕಿದಿರಿ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಈ ಮೂರನ್ನು ಸರಿ ಮಾಡಿಕೊಳ್ಳುವುದು ಹೇಗೆ, ಬಂದ ಮಾತನ್ನು ಬಳಸುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ. ಒಂದು ಪಾರ್ಟ್‌ಗೆ (ಒಂದು ವಾದ್ಯಕ್ಕೆ ಬರೆದ ಸಾಲಿಗೆ) ಒಬ್ಬರಂತೆ, ಕಂಡಕ್ಟರ್ ಇಲ್ಲದೆ, ಕೆಲವೇ ಜನ ನುಡಿಸುವ ಸಂಗೀತದ ಬಗ್ಗೆ ಮಾತ್ರ ಇಲ್ಲಿ ಹೇಳುತ್ತಿದ್ದೇನೆ. ಆರ್ಕೆಸ್ಟ್ರಾದ ಕಥೆಯೇ ಬೇರೆ.

ಹಂತ 1: ಈಗಲೇ ತೋರಿಸಬೇಕೇ ಎಂದು ತೀರ್ಮಾನಿಸಿ

ತೋರಿಸುವುದಕ್ಕೆ ಎರಡು ಒಳ್ಳೆಯ ಸಮಯಗಳಿವೆ. ಪೂರ್ತಿ ಕರಡು ಮುಗಿದು, ಇನ್ನೂ ದೊಡ್ಡದಾಗಿ ಬದಲಾಯಿಸುವ ಮನಸ್ಸು ಇರುವಾಗ ಒಂದು. ಕೃತಿ ಗಟ್ಟಿಯಾಗಿ, ನುಡಿಸುವ ವಿವರ ಮಾತ್ರ ಬಾಕಿ ಇರುವಾಗ ಇನ್ನೊಂದು. ಮೊದಲನೆಯ ಸಮಯದಲ್ಲಿ "ನಡುವಿನ ಭಾಗ ಉದ್ದವಾಯಿತಾ?" ಎಂದು ಕೇಳಬಹುದು. ಎರಡನೆಯದರಲ್ಲಿ "ಈ ಬೋಯಿಂಗ್ (ಬೋ, ಅಂದರೆ ಕಮಾನು, ಎಳೆಯುವ ರೀತಿ) ಕೈಗೆ ಬರುತ್ತದಾ?" ಎಂದು ಕೇಳಬೇಕು. ರೂಪ ಬದಲಾಯಿಸುವ ಮನಸ್ಸೇ ಇಲ್ಲದಿದ್ದರೆ ರೂಪದ ಬಗ್ಗೆ ಕೇಳಲೇಬೇಡಿ. ಸುಮ್ನೆ ಅವರ ಸಮಯವೂ ಹಾಳು, ನಿಮ್ಮ ನೆಮ್ಮದಿಯೂ ಹಾಳು.

ಹದಿನಾರು ಬಾರ್ (ತಾಳದ ಆವರ್ತದಂಥ ಸಣ್ಣ ತುಂಡು) ಬರೆದ ತಕ್ಷಣ ಎಲ್ಲರಿಗೂ ಕಳಿಸುವ ಅಭ್ಯಾಸ ಕೆಲವರಿಗಿದೆ. ನನಗೆ ಇದು ಸರಿ ಕಾಣುವುದಿಲ್ಲ. ಅಷ್ಟು ಎಳೆಯದಾಗಿದ್ದಾಗ ಯಾರು ಏನು ಹೇಳಿದರೂ ಕೃತಿ ಆ ಕಡೆಗೆ ವಾಲುತ್ತದೆ. ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆದ ಮೇಲೆ ನಿಮ್ಮ ಮೂಲ ಯೋಚನೆ ಏನಿತ್ತು ಎಂಬುದೇ ಮರೆತುಹೋಗುತ್ತದೆ.

ಕರಡು ಮುಗಿದ ಮೇಲೆ ಕೆಲವು ದಿನ ಅದನ್ನು ಮುಟ್ಟಬೇಡಿ. ಆಮೇಲೆ ಸ್ಕೋರ್ (ಎಲ್ಲ ವಾದ್ಯಗಳ ಸಾಲೂ ಒಟ್ಟಿಗಿರುವ ಪ್ರತಿ) ನೋಡದೆ ಒಮ್ಮೆ ಕೇಳಿ. ಕೈಯಲ್ಲಿ ಒಂದು ಕಾಗದ ಇರಲಿ. ಗಮನ ಎಲ್ಲಿ ಜಾರಿತೋ ಆ ನಿಮಿಷವನ್ನು ಮಾತ್ರ ಬರೆದುಕೊಳ್ಳಿ. ನಿಮಗೇ ಗೊತ್ತಿರುವ ತಪ್ಪನ್ನು ಬೇರೆಯವರ ಬಾಯಿಂದ ಕೇಳುವುದರಲ್ಲಿ ಲಾಭವಿಲ್ಲ. ಅದನ್ನು ಮೊದಲೇ ಸರಿ ಮಾಡಿಕೊಂಡರೆ ಅವರು ನಿಮಗೆ ಕಾಣದ್ದನ್ನು ಹುಡುಕುತ್ತಾರೆ.

ಹಂತ 2: ನುಡಿಸಲು ಆಗುತ್ತದೆಯೇ ಎಂದು ಪರೀಕ್ಷಿಸಿ

ನುಡಿಸಲು ಆಗದ ಒಂದು ಸ್ವರ ಮೊದಲ ಪುಟದಲ್ಲೇ ಕಂಡರೆ ಸಾಕು, ಅನುಭವಿ ವಾದಕರು ಮುಂದಿನದನ್ನೆಲ್ಲ ಅನುಮಾನದಿಂದಲೇ ನೋಡುತ್ತಾರೆ. ಸಂಗೀತದ ಬಗ್ಗೆ ಬರಬೇಕಾದ ಮಾತು ಬೆರಳಿನ ಬಗ್ಗೆ ತಿರುಗುತ್ತದೆ.

ತಂತಿವಾದ್ಯಗಳಿಂದ ಶುರು ಮಾಡೋಣ. ವಯೊಲಿನ್‌ನ ನಾಲ್ಕು ತಂತಿಗಳು ಕೆಳಗಿನಿಂದ ಮೇಲಕ್ಕೆ ಜಿ, ಡಿ, ಎ, ಇ. ವಯೋಲಾದ್ದು ಸಿ, ಜಿ, ಡಿ, ಎ. ಚೆಲ್ಲೋದ ತಂತಿಗಳೂ ಇವೇ, ಆದರೆ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಕೆಳಗೆ. ಇಷ್ಟು ನೆನಪಿದ್ದರೆ ಡಬಲ್ ಸ್ಟಾಪ್‌ಗಳ (ಎರಡು ತಂತಿಯಲ್ಲಿ ಒಟ್ಟಿಗೆ ನುಡಿಸುವ ಎರಡು ಸ್ವರಗಳ) ಅರ್ಧ ಸಮಸ್ಯೆ ನೀವೇ ಹಿಡಿಯುತ್ತೀರಿ. ಉದಾಹರಣೆಗೆ ವಯೊಲಿನ್‌ಗೆ ತೀರಾ ಕೆಳಗಿನ ಜಿ ಮತ್ತು ಅದರ ಮೇಲಿನ ಬಿ ಎರಡನ್ನೂ ಒಟ್ಟಿಗೆ ಬರೆದಿದ್ದೀರಿ ಎನ್ನಿ. ಕಾಗದದ ಮೇಲೆ ಅಚ್ಚುಕಟ್ಟಾದ ಥರ್ಡ್ (ಜಿಯಿಂದ ಎಣಿಸಿದರೆ ಮೂರನೆಯ ಸ್ವರ). ಆದರೆ ಎರಡೂ ಸಿಗುವುದು ಜಿ ತಂತಿಯ ಮೇಲೆ ಮಾತ್ರ, ಯಾಕೆಂದರೆ ಪಕ್ಕದ ತಂತಿ ಶುರುವಾಗುವುದೇ ಡಿ ಸ್ವರದಿಂದ. ಒಂದೇ ತಂತಿಯಲ್ಲಿ ಎರಡು ಸ್ವರ ಒಟ್ಟಿಗೆ ಬರುವುದಿಲ್ಲ. ಕಂಪ್ಯೂಟರ್ ಮಾತ್ರ ಇದನ್ನು ನಗುನಗುತ್ತಾ ನುಡಿಸಿಬಿಡುತ್ತದೆ!

ಪಿಟ್ಸಿಕಾಟೋದಿಂದ (ಬೆರಳಿನಿಂದ ಮೀಟುವುದರಿಂದ) ಮತ್ತೆ ಬೋಗೆ ಬರಲು ಸಮಯ ಬೇಕು. ಧ್ವನಿ ಮಂದವಾಗಿಸುವ ಮ್ಯೂಟ್ ಹಾಕಲು, ತೆಗೆಯಲು ಕೆಲವು ಸೆಕೆಂಡುಗಳ ವಿರಾಮ ಬೇಕು. ಆರ್ಟಿಫಿಷಿಯಲ್ ಹಾರ್ಮೋನಿಕ್ (ಒಂದು ಬೆರಳು ಒತ್ತಿ, ಇನ್ನೊಂದನ್ನು ಮೆಲ್ಲಗೆ ತಾಗಿಸಿ ತೆಗೆಯುವ ಎತ್ತರದ ಸ್ವರ) ಬರೆದಿದ್ದರೆ, ಒತ್ತಿದ ಸ್ವರಕ್ಕಿಂತ ನಾಲ್ಕನೆಯ ಸ್ವರದ ಜಾಗದಲ್ಲಿ ಬೆರಳು ತಾಗಿಸಿದಾಗ ಧ್ವನಿ ಎರಡು ಆಕ್ಟೇವ್ ಮೇಲೆ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ ನೋಡಿ.

ಗಾಳಿವಾದ್ಯಗಳಲ್ಲಿ ಮೊದಲ ಪ್ರಶ್ನೆ ಉಸಿರು. ಪ್ರತಿ ಪಾರ್ಟನ್ನೂ ನೀವೇ ಅದರ ಟೆಂಪೋದಲ್ಲಿ (ವೇಗದಲ್ಲಿ) ಹಾಡಿ ನೋಡಿ. ನಿಮ್ಮ ಉಸಿರು ಕಟ್ಟಿದರೆ ಅವರದ್ದೂ ಕಟ್ಟುವ ಸಾಧ್ಯತೆ ಇದೆ. ಫ್ಲೂಟ್‌ಗೆ ಗಾಳಿ ಜಾಸ್ತಿ ಖರ್ಚಾಗುತ್ತದೆ. ಓಬೋದ ಕಷ್ಟ ತದ್ವಿರುದ್ಧ: ಗಾಳಿ ಒಳಗೇ ಉಳಿದುಬಿಡುತ್ತದೆ, ಅದನ್ನು ಹೊರಗೆ ಬಿಡಲು ಜಾಗ ಬೇಕು. ಹಾರ್ನ್ ನುಡಿಸುವವರ ತುಟಿ ದಣಿಯುತ್ತದೆ, ಅವರಿಗೆ ಆಗಾಗ ವಿರಾಮ ಕೊಡಿ. ಓಬೋ ಮತ್ತು ಬಸೂನ್‌ನ ತೀರಾ ಕೆಳಗಿನ ಸ್ವರಗಳನ್ನು ಮೆಲ್ಲಗೆ ನುಡಿಸುವುದು ಕಷ್ಟ. ಅಲ್ಲಿ ಪಿಯಾನಿಸ್ಸಿಮೋ (ತೀರಾ ಮೆಲ್ಲಗೆ) ಎಂದು ಬರೆದರೆ ನಿಮಗೆ ಸಿಗುವುದು ಬೇರೆಯದೇ. ಫ್ಲೂಟ್‌ನ ಕೆಳಗಿನ ಆಕ್ಟೇವ್ ಹಾಗಲ್ಲ, ಅದು ಸಹಜವಾಗಿಯೇ ಮೆತ್ತಗಿರುತ್ತದೆ. ಅದರ ಮೇಲೆ ಮೂರು ವಾದ್ಯ ಹೇರಿದರೆ ಮುಗಿಯಿತು, ಕೇಳಿಸುವುದಿಲ್ಲ.

ಟ್ರಾನ್ಸ್‌ಪೋಸ್ ಆಗುವ, ಅಂದರೆ ಬರೆದ ಸ್ವರವೇ ಬೇರೆ, ಕೇಳಿಸುವ ಸ್ವರವೇ ಬೇರೆ ಆಗಿರುವ ವಾದ್ಯಗಳ ಬಗ್ಗೆ ಒಂದು ಮಾತು. ಬಿ ಫ್ಲ್ಯಾಟ್ ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಹೋಲ್ ಟೋನ್ ಕೆಳಗೆ ಕೇಳಿಸುತ್ತದೆ. ಎಫ್ ಹಾರ್ನ್ ಒಂದು ಫಿಫ್ತ್ ಕೆಳಗೆ. ಸ್ಕೋರ್ ಕಾನ್ಸರ್ಟ್ ಪಿಚ್‌ನಲ್ಲಿದೆಯೋ (ಕೇಳಿಸುವ ಸ್ವರದಲ್ಲೇ ಬರೆದದ್ದೋ) ಟ್ರಾನ್ಸ್‌ಪೋಸ್ ಮಾಡಿದ್ದೋ ಎಂದು ಮೊದಲ ಪುಟದಲ್ಲೇ ಬರೆಯಿರಿ. ಪಾರ್ಟ್‌ಗಳು ಮಾತ್ರ ಯಾವಾಗಲೂ ಟ್ರಾನ್ಸ್‌ಪೋಸ್ ಆಗಿಯೇ ಇರಬೇಕು.

ಪಿಯಾನೋದಲ್ಲಿ ಆಕ್ಟೇವ್ ಹೆಚ್ಚಿನ ಕೈಗಳಿಗೆ ಸುಲಭ, ಟೆಂತ್ (ಹತ್ತನೆಯ ಸ್ವರದವರೆಗಿನ ಅಂತರ) ಎಲ್ಲರ ಕೈಗೂ ಎಟುಕುವುದಿಲ್ಲ. ಮುರಿದು ನುಡಿಸಬಹುದು ಅನ್ನುವಂತಿದ್ದರೆ ಹಾಗೆಂದು ಗುರುತು ಹಾಕಿ.

ಹಂತ 3: ಸ್ಕೋರ್ ಮತ್ತು ಪಾರ್ಟ್‌ಗಳನ್ನು ಓದುವಂತೆ ಮಾಡಿ

ಬಾರ್ ಸಂಖ್ಯೆ ಇಲ್ಲದ ಸ್ಕೋರ್ ಕಳಿಸಬೇಡಿ. ಸಂಖ್ಯೆ ಇಲ್ಲದಿದ್ದರೆ ಓದುವವರು "ಆ ಮೇಲೆ ಹೋಗುವ ಜಾಗದಲ್ಲಿ ಏನೋ ಸರಿಯಿಲ್ಲ" ಎನ್ನುತ್ತಾರೆ. ಸಂಖ್ಯೆ ಇದ್ದರೆ "47ನೇ ಬಾರ್‌ನಲ್ಲಿ" ಎನ್ನುತ್ತಾರೆ. ಎಲ್ಲರೂ ಒಟ್ಟಿಗೆ ಮತ್ತೆ ಶುರು ಮಾಡಲು ಅನುಕೂಲವಾದ ಕಡೆ ರಿಹರ್ಸಲ್ ಅಕ್ಷರಗಳನ್ನು ಹಾಕಿ. ಹತ್ತು ಬಾರ್‌ಗೊಂದು ಎಂದು ಯಾಂತ್ರಿಕವಾಗಿ ಹಾಕುವುದಕ್ಕಿಂತ ಸಂಗೀತ ತಿರುಗುವ ಜಾಗದಲ್ಲಿ ಹಾಕುವುದು ಮೇಲು.

ಟೆಂಪೋಗೆ ಪದವೂ ಇರಲಿ, ಮೆಟ್ರೊನೋಮ್ ಸಂಖ್ಯೆಯೂ ಇರಲಿ. ಡೈನಾಮಿಕ್ಸ್ (ಜೋರು, ಮೆಲು ಎಂಬ ಗುರುತುಗಳು) ಪ್ರತಿ ಪಾರ್ಟ್‌ನಲ್ಲೂ ಬೇರೆ ಬೇರೆಯಾಗಿ ಇರಬೇಕು. ವಿರಾಮ ಮುಗಿಸಿ ಬರುವವರಿಗೆ ಮತ್ತೆ ಗುರುತು ಬೇಕು, ಯಾಕೆಂದರೆ ಇಪ್ಪತ್ತು ಬಾರ್ ಹಿಂದೆ ಏನಿತ್ತು ಎಂದು ಅವರು ನೆನಪಿಟ್ಟುಕೊಂಡಿರುವುದಿಲ್ಲ.

ಪಾರ್ಟ್‌ಗಳು ಸ್ಕೋರ್‌ಗಿಂತ ಹೆಚ್ಚು ಕೆಲಸ ಬೇಡುತ್ತವೆ. ಸಾಫ್ಟ್‌ವೇರ್ ತಾನಾಗಿಯೇ ತೆಗೆದುಕೊಟ್ಟ ಪಾರ್ಟನ್ನು ಹಾಗೇ ಪ್ರಿಂಟ್ ಮಾಡಬೇಡಿ. ಪುಟ ತಿರುಗಿಸುವ ಜಾಗ ನೋಡಿ. ತಂತಿವಾದ್ಯದವರ ಎರಡೂ ಕೈ ಕೆಲಸದಲ್ಲಿರುತ್ತವೆ. ಬಲಗಡೆ ಪುಟದ ಕೊನೆಯಲ್ಲಿ ಕೆಲವು ಸೆಕೆಂಡು ವಿರಾಮ ಬರುವಂತೆ ಮಾಡಿ. ಅದಕ್ಕಾಗಿ ಅರ್ಧ ಪುಟ ಖಾಲಿ ಬಿಟ್ಟರೂ ಯಾರೂ ಬೇಸರಪಡುವುದಿಲ್ಲ. ಸಾಲುಗಳು ತೀರಾ ಸಣ್ಣಗಿರಬಾರದು. ಸ್ಟಾಫ್‌ನ (ಸ್ವರ ಬರೆಯುವ ಐದು ಗೆರೆಗಳ) ಎತ್ತರ ಸುಮಾರು 7 ಮಿಲಿಮೀಟರ್ ಇದ್ದರೆ ಸ್ಟ್ಯಾಂಡ್ ದೂರದಿಂದಲೂ ಓದಬಹುದು. ದೊಡ್ಡ ವಿರಾಮದ ನಂತರ ಬರುವ ಜಾಗದಲ್ಲಿ ಬೇರೆ ವಾದ್ಯದ ಎರಡು ಬಾರ್ ಸಣ್ಣ ಅಕ್ಷರದಲ್ಲಿ ಕ್ಯೂ (ಎಲ್ಲಿ ಸೇರಿಕೊಳ್ಳಬೇಕೆಂಬ ಸೂಚನೆ) ಆಗಿ ಕೊಡಿ. ಕಂಡಕ್ಟರ್ ಇಲ್ಲದ ಕಡೆ ಇದು ಪ್ರಾಣ ಉಳಿಸುತ್ತದೆ.

ಫೈಲ್ ಹೆಸರಿನಲ್ಲಿ ಕೃತಿಯ ಹೆಸರು, ವಾದ್ಯ, ತಾರೀಕು ಮೂರೂ ಇರಲಿ. "ಫೈನಲ್", "ಹೊಸ ಫೈನಲ್", "ನಿಜವಾದ ಫೈನಲ್" ಬೇಡ. ಹಳೆಯ ಆವೃತ್ತಿ ಯಾರ ಕೈಯಲ್ಲಿದೆ ಎಂಬ ತಲೆನೋವು ಹೊಸದೇನಲ್ಲ. ಬೀಥೋವನ್ 1799ರಲ್ಲಿ ತನ್ನ ಎಫ್ ಮೇಜರ್ ಕ್ವಾರ್ಟೆಟ್‌ನ, ಅಂದರೆ ಓಪಸ್ (ಕೃತಿ ಸಂಖ್ಯೆ) 18ರ ಮೊದಲನೆಯದರ, ಒಂದು ಪ್ರತಿಯನ್ನು ಗೆಳೆಯ ಕಾರ್ಲ್ ಅಮೆಂಡಾಗೆ ಕೊಟ್ಟಿದ್ದ. 1801ರಲ್ಲಿ ಅವನಿಗೆ ಪತ್ರ ಬರೆದು, ಅದನ್ನು ಯಾರಿಗೂ ಕೊಡಬೇಡ, ತುಂಬಾ ಬದಲಾಯಿಸಿದ್ದೇನೆ, ಕ್ವಾರ್ಟೆಟ್ ಬರೆಯುವುದು ಹೇಗೆಂದು ಈಗಷ್ಟೇ ಗೊತ್ತಾಗಿದೆ ಎಂದು ಕೇಳಿಕೊಂಡ. ಆ ಹಳೆಯ ಪ್ರತಿ ಇವತ್ತಿಗೂ ಉಳಿದಿದೆ. ನೀವು ಹಂಚಿದ ಪಿಡಿಎಫ್ ಕೂಡ ಎಲ್ಲೋ ಉಳಿದಿರುತ್ತದೆ. ತಾರೀಕು ಇದ್ದರೆ ಯಾವುದು ಹಳೆಯದು ಎಂದಾದರೂ ತಿಳಿಯುತ್ತದೆ.

ಯಾವ ಸಾಫ್ಟ್‌ವೇರ್ ಎಂಬುದು ದೊಡ್ಡ ವಿಷಯವಲ್ಲ. ಮ್ಯೂಸ್‌ಸ್ಕೋರ್ ಉಚಿತ, ಈ ಕೆಲಸಕ್ಕೆ ಸಾಕು. ಡೋರಿಕೋ, ಸಿಬೇಲಿಯಸ್‌ನ ಪೂರ್ಣ ಆವೃತ್ತಿಗಳು ದುಡ್ಡು ಕೊಟ್ಟು ಕೊಳ್ಳುವಂಥವು. ಫಿನಾಲೆ ಸಾಫ್ಟ್‌ವೇರನ್ನು ಮುಂದೆ ಬೆಳೆಸುವುದಿಲ್ಲ ಎಂದು ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ಹೇಳಿದೆ. ಹಳೆಯ ಕೃತಿಗಳು ಅದರಲ್ಲಿದ್ದರೆ ಈಗಲೇ ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲಿ ಹೊರತೆಗೆದು ಇಟ್ಟುಕೊಳ್ಳಿ. ಕಳಿಸುವಾಗ ಮಾತ್ರ ಪಿಡಿಎಫ್ ಕಳಿಸಿ. ಎದುರಿನವರ ಬಳಿ ನಿಮ್ಮ ಸಾಫ್ಟ್‌ವೇರ್ ಇರಲೇಬೇಕು ಎಂದೇನಿಲ್ಲ.

ಹಂತ 4: ಆಡಿಯೋ ಎಷ್ಟು ಸುಳ್ಳು ಹೇಳುತ್ತದೆ ಎಂದು ತಿಳಿದುಕೊಂಡು ಕಳಿಸಿ

ಕಂಪ್ಯೂಟರ್ ಪ್ಲೇಬ್ಯಾಕ್‌ನ ಗುಣಮಟ್ಟ ಈಗ ಚೆನ್ನಾಗಿದೆ. ಮ್ಯೂಸ್‌ಸ್ಕೋರ್ ಜೊತೆ ಬಳಸುವ ಮ್ಯೂಸ್ ಸೌಂಡ್ಸ್, ಸಿಬೇಲಿಯಸ್ ಮತ್ತು ಡೋರಿಕೋ ಜೊತೆ ಬಳಸುವ ನೋಟ್‌ಪರ್ಫಾರ್ಮರ್ ಎರಡೂ ಕಿವಿಗೆ ಹಿತವಾಗಿಯೇ ಕೇಳಿಸುತ್ತವೆ. ಅಪಾಯ ಇರುವುದೂ ಅಲ್ಲೇ. ಈ ಧ್ವನಿಗೆ ಉಸಿರು ಬೇಡ, ಬೋ ಮುಗಿಯುವುದಿಲ್ಲ, ಪುಟ ತಿರುಗಿಸಬೇಕಿಲ್ಲ. ಕಷ್ಟದ ಜಿಗಿತವನ್ನೂ ಸುಲಭದ ಸ್ವರವನ್ನೂ ಒಂದೇ ನಿರಾಳತೆಯಲ್ಲಿ ನುಡಿಸುತ್ತದೆ. ಚೆಲ್ಲೋ ತನ್ನ ಎ ತಂತಿಯ ಮೇಲ್ಭಾಗಕ್ಕೆ ಏರಿದಾಗ ಧ್ವನಿಯಲ್ಲಿ ಬರುವ ಬಿಗಿ ಅದರಲ್ಲಿ ಅರ್ಧವೂ ಬರುವುದಿಲ್ಲ. ಎಷ್ಟೋ ಸಲ ಕೃತಿಯ ಭಾವ ನಿಂತಿರುವುದೇ ಆ ಬಿಗಿಯ ಮೇಲೆ.

ಟೆಂಪೋ ವಿಷಯದಲ್ಲಿ ಪ್ಲೇಬ್ಯಾಕ್ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ನಿಧಾನದ ಭಾಗ ಕಂಪ್ಯೂಟರಿನಲ್ಲಿ ಸಪ್ಪೆ ಅನ್ನಿಸುವುದರಿಂದ ಬರೆಯುವವರು ಮೆಟ್ರೊನೋಮ್ ಸಂಖ್ಯೆಯನ್ನು ಏರಿಸುತ್ತಾ ಹೋಗುತ್ತಾರೆ. ಮನುಷ್ಯರು ನುಡಿಸಿದಾಗ ಅದು ಧಾವಂತವಾಗುತ್ತದೆ. ನಿಮ್ಮ ಸಂಖ್ಯೆಯನ್ನು ಹಾಡಿ, ನಡೆದಾಡಿ ನಿರ್ಧರಿಸಿ. ಸ್ಪೀಕರ್ ಕೇಳಿ ನಿರ್ಧರಿಸಬೇಡಿ.

ಆದ್ದರಿಂದ ಪ್ಲೇಬ್ಯಾಕ್ ಕಳಿಸುವಾಗ ಅದರ ಕೊರತೆಯನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ. ಆಡಿಯೋ ಮತ್ತು ಸ್ಕೋರ್ ಒಟ್ಟಿಗೆ ಸಾಗುವ ವಿಡಿಯೋ ಮಾಡಿದರೆ ಇನ್ನೂ ಒಳ್ಳೆಯದು. ಆಗದಿದ್ದರೆ ಮುಖ್ಯ ಜಾಗಗಳ ನಿಮಿಷ, ಸೆಕೆಂಡು ಮತ್ತು ಬಾರ್ ಸಂಖ್ಯೆಯನ್ನು ಸ್ಕೋರ್‌ನ ಮೊದಲ ಪುಟದಲ್ಲಿ ಬರೆದರೂ ಸಾಕು.

ಹಂತ 5: ಯಾರಿಂದ ಏನು ಸಿಗುತ್ತದೆ ಎಂದು ತಿಳಿದು ಆರಿಸಿ

ವಾದಕರು ಕೈಯಿಂದ ಯೋಚಿಸುತ್ತಾರೆ. ಯಾವುದು ವಾದ್ಯದ ಮೇಲೆ ಸರಾಗವಾಗಿ ಕೂರುತ್ತದೆ, ಯಾವ ಕಷ್ಟಕ್ಕೆ ತಕ್ಕ ಫಲ ಇದೆ, ಯಾವುದು ಸುಮ್ನೆ ಕಷ್ಟ ಎಂದು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಸಂಯೋಜಕರು ರೂಪ, ಹಾರ್ಮನಿ, ವಿಷಯದ ಬೆಳವಣಿಗೆ ನೋಡುತ್ತಾರೆ. ಆದರೆ ಅವರ ಬಗ್ಗೆ ಒಂದು ಎಚ್ಚರ ಇರಲಿ: ಎಷ್ಟೋ ಸಲ ಅವರು ನಿಮ್ಮ ಕೃತಿಯನ್ನು ತಾವು ಬರೆದಿದ್ದರೆ ಹೇಗಿರುತ್ತಿತ್ತು ಎಂದು ಹೇಳುತ್ತಿರುತ್ತಾರೆ. ಬುದ್ಧಿವಂತರಲ್ಲೇ ಈ ಚಾಳಿ ಜಾಸ್ತಿ.

ಸಂಗೀತ ಕಲಿಯದೇ ಇದ್ದರೂ ಗಮನವಿಟ್ಟು ಕೇಳುವ ಒಬ್ಬರು ಖಂಡಿತ ಬೇಕು. ಅವರಿಗೆ ಕಾರಣ ಗೊತ್ತಿರುವುದಿಲ್ಲ, ಹಾಗಾಗಿ ಕಾರಣ ಕಟ್ಟುವುದೂ ಇಲ್ಲ. "ಇಲ್ಲಿ ಮುಗೀತು ಅನ್ಕೊಂಡೆ, ಮತ್ತೆ ಶುರುವಾಯ್ತು" ಎನ್ನುತ್ತಾರೆ. ಅಂಥ ಒಂದು ಮಾತು ಬಂಗಾರ. ಮನೆಯವರು ಈ ಕೆಲಸಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಅವರು ಕೃತಿಯ ಬದಲು ನಿಮ್ಮ ಮುಖ ನೋಡುತ್ತಿರುತ್ತಾರೆ.

ಎಲ್ಲರಿಗೂ ಒಂದೇ ದಿನ ಕಳಿಸಬೇಡಿ. ಮೊದಲ ಸುತ್ತಿಗೆ ಇಬ್ಬರೋ ಮೂವರೋ ಸಾಕು. ತಿದ್ದಿದ ಮೇಲೆ ಕೇಳಲು ಹೊಸ ಕಿವಿಗಳು ಬೇಕಾಗುತ್ತವೆ. ಪ್ರಕಟಿಸುವ ಮೊದಲು ಆಪ್ತರ ಮುಂದಿಡುವುದು ಹಳೆಯ ರೂಢಿಯೇ. ಮೊಝಾರ್ಟ್ ಹೈಡನ್‌ಗೆ ಅರ್ಪಿಸಿದ ಆರು ಕ್ವಾರ್ಟೆಟ್‌ಗಳು ಅಚ್ಚಾದದ್ದು 1785ರಲ್ಲಿ. ಅದೇ ವರ್ಷದ ಆರಂಭದಲ್ಲಿ, ಅಚ್ಚಿಗೆ ಮುನ್ನ, ವಿಯೆನ್ನಾದ ತನ್ನ ಮನೆಯಲ್ಲೇ ಅವನ್ನು ನುಡಿಸಿ ಹೈಡನ್‌ಗೆ ಕೇಳಿಸಿದ್ದ. ಕ್ವಾರ್ಟೆಟ್ ಬರೆಯುವುದರಲ್ಲಿ ಆಗ ಹೈಡನ್‌ಗಿಂತ ದೊಡ್ಡವರು ಯಾರಿದ್ದರು ಹೇಳಿ!

ಹಂತ 6: ಜೊತೆಯಲ್ಲಿ ಕಳಿಸುವ ಪತ್ರ

"ಹೇಗಿದೆ ಹೇಳಿ" ಎಂದರೆ "ಚೆನ್ನಾಗಿದೆ" ಎಂಬ ಉತ್ತರ ಬಂದೇ ಬರುತ್ತದೆ. ಪ್ರಶ್ನೆ ಸಣ್ಣದಾಗಿರಬೇಕು, ಜಾಗ ಗುರುತಿಸಿರಬೇಕು, ಯಾವ ಉತ್ತರ ಬಂದರೂ ನೀವು ಏನಾದರೂ ಮಾಡುವಂತಿರಬೇಕು. ಒಂದು ಮಾದರಿ ಕೊಡುತ್ತೇನೆ:

"ನಮಸ್ಕಾರ ಮೇಡಂ. ಇದು ಫ್ಲೂಟ್, ವಯೋಲಾ, ಚೆಲ್ಲೋಗೆ ಬರೆದ ಒಂದೇ ಭಾಗದ ಕೃತಿ, ಆರು ನಿಮಿಷ. ಕರಡು ಪೂರ್ತಿಯಾಗಿದೆ, ದೊಡ್ಡ ಬದಲಾವಣೆಗೂ ಮನಸ್ಸಿದೆ. ಆಡಿಯೋ ಕಂಪ್ಯೂಟರಿನದು, ಅದರಲ್ಲಿ ಫ್ಲೂಟ್‌ನ ಕೆಳಗಿನ ಸ್ವರಗಳು ನಿಜಕ್ಕಿಂತ ಜೋರಾಗಿವೆ. ದಯವಿಟ್ಟು ಮೊದಲ ಸಲ ಸ್ಕೋರ್ ನೋಡದೆ ಕೇಳಿ. ಮೂರು ವಿಷಯ ತಿಳಿಯಬೇಕಿತ್ತು. 38ರಿಂದ 52ನೇ ಬಾರ್‌ವರೆಗೆ ವಯೋಲಾದ ಸಾಲು ಮುಂದೆ ಬರುತ್ತದೆಯೇ? ಮೊದಲ ಥೀಮ್ ಮತ್ತೆ ಬಂದದ್ದು ನಿಮಗೆ ಗೊತ್ತಾಯಿತೇ, ಆಗಿದ್ದರೆ ಯಾವಾಗ? ನಿಮ್ಮ ಗಮನ ಎಲ್ಲಾದರೂ ಜಾರಿತೇ? ತಿಂಗಳ ಕೊನೆಯೊಳಗೆ ಸಾಧ್ಯವಾದರೆ ಸಾಕು. ಆಗದಿದ್ದರೂ ಪರವಾಗಿಲ್ಲ, ಒಂದು ಮಾತು ತಿಳಿಸಿ."

ಎರಡನೆಯ ಪ್ರಶ್ನೆಯನ್ನು ಗಮನಿಸಿ. "ಥೀಮ್ ವಾಪಸ್ ಬಂದದ್ದು ಚೆನ್ನಾಗಿದೆಯೇ?" ಎಂದು ಕೇಳಿಲ್ಲ. ಗೊತ್ತಾಯಿತೇ, ಯಾವಾಗ ಎಂದು ಕೇಳಿದೆ. ಅವರು 80ನೇ ಬಾರ್ ಎಂದರೆ, ನೀವು 71ರಲ್ಲೇ ತಂದಿದ್ದರೆ, ಒಂಬತ್ತು ಬಾರ್ ಅದು ಯಾರಿಗೂ ಕಾಣದೆ ಅಡಗಿತ್ತು ಎಂದಾಯಿತು. ಅಡಗಿಸುವುದೇ ನಿಮ್ಮ ಉದ್ದೇಶವಾಗಿದ್ದರೆ ಗೆದ್ದಿರಿ. ಇಲ್ಲವಾದರೆ ಅಲ್ಲಿ ಕೆಲಸ ಇದೆ.

ಕೃತಿಯ ಹಿಂದಿನ ಕಥೆಯನ್ನು ಪತ್ರದಲ್ಲಿ ಹೇಳಬೇಡಿ. ಇದು ಮಳೆಗಾಲದ ವಿರಹ ಎಂದು ಮೊದಲೇ ಹೇಳಿದರೆ ಅವರಿಗೆ ಮಳೆ ಕೇಳಿಸಿಯೇ ಕೇಳಿಸುತ್ತದೆ. ಸಂಗೀತ ತಾನಾಗಿ ಏನು ಹೇಳುತ್ತದೆ ಎಂದು ತಿಳಿಯುವ ಅವಕಾಶ ಒಮ್ಮೆ ಮಾತ್ರ ಸಿಗುತ್ತದೆ.

ಹಕ್ಕಿನ ಬಗ್ಗೆ ಚಿಕ್ಕದಾಗಿ: 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಯ ಹಕ್ಕು ಸಿಗಲು ನೋಂದಣಿ ಬೇಕಿಲ್ಲ, ಹಾಗಾಗಿ ಯಾರಾದರೂ ಕದ್ದುಬಿಟ್ಟರೆ ಎಂದು ತೋರಿಸದೆ ಕೂರುವುದು ವ್ಯರ್ಥ. ಹೆಸರು, ವರ್ಷ ಬರೆದು ಕಳಿಸಿ. ಆದರೆ ಬೇರೆಯವರ ಕವಿತೆಗೆ ಸಂಗೀತ ಹಾಕಿದ್ದು, ಕವಿತೆಯ ಹಕ್ಕು ಇನ್ನೂ ಜಾರಿಯಲ್ಲಿದ್ದರೆ, ಸಾರ್ವಜನಿಕವಾಗಿ ಹಂಚುವ ಮೊದಲು ಅನುಮತಿ ಪಡೆಯಿರಿ.

ಹಂತ 7: ನಿಜವಾದ ವಾದ್ಯಗಳಲ್ಲಿ ಒಮ್ಮೆ ನುಡಿಸಿ ನೋಡುವುದು

ಇದು ಇಡೀ ಪ್ರಕ್ರಿಯೆಯ ಹೃದಯ. ಒಂದು ಗಂಟೆಯ ರೀಡಿಂಗ್ ಸೆಷನ್ ಹತ್ತು ಪತ್ರಗಳಿಗೆ ಸಮ. ಆರು ನಿಮಿಷದ ಕೃತಿಗೆ ಒಂದು ಗಂಟೆ ಕೇಳಿಕೊಳ್ಳಿ. ಪಾರ್ಟ್‌ಗಳನ್ನು ಕನಿಷ್ಠ ಒಂದು ವಾರ ಮೊದಲು ಕಳಿಸಿ. ಸಾಧ್ಯವಾದರೆ ವಾದಕರಿಗೆ ಹಣ ಕೊಡಿ. ಸ್ನೇಹಕ್ಕೆ ಬಂದಿದ್ದರೆ ಹೇಳಿದ ಸಮಯಕ್ಕೆ ಸರಿಯಾಗಿ ಮುಗಿಸಿ. ರೆಕಾರ್ಡ್ ಮಾಡುವುದಾದರೆ ಮೊದಲೇ ಅನುಮತಿ ಕೇಳಿ, ಅದು ನಿಮ್ಮ ಸ್ವಂತ ಬಳಕೆಗೋ ಹಂಚುವುದಕ್ಕೋ ಎಂದು ಸ್ಪಷ್ಟಪಡಿಸಿ. ತಡವರಿಸಿದ ಮೊದಲ ಓದನ್ನು ಊರಿಗೆಲ್ಲ ಕೇಳಿಸಿದರೆ ಯಾರಿಗೆ ತಾನೇ ಇಷ್ಟವಾಗುತ್ತದೆ?

ಮೊದಲ ಸಲ ಪೂರ್ತಿ ನುಡಿಸಲಿ. ತಪ್ಪಾದರೂ ನಿಲ್ಲಿಸಬೇಡಿ. ನೀವು ಸ್ಕೋರ್ ಮುಂದಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಎಲ್ಲೆಲ್ಲಿ ಎಡವಿದರೋ ಅಲ್ಲಿ ಒಂದು ಚುಕ್ಕೆ ಇಡಿ, ಅಷ್ಟೆ. ಹಾಗೆ ಇಟ್ಟ ಚುಕ್ಕೆಗಳಲ್ಲಿ ಅರ್ಧ ಎರಡನೆಯ ಓದಿನಲ್ಲಿ ತಾವಾಗಿಯೇ ಮಾಯವಾಗುತ್ತವೆ, ಅವು ಮೊದಲ ನೋಟದ ಎಡವುಗಳು. ಉಳಿದ ಚುಕ್ಕೆಗಳು ನಿಮ್ಮವು. ಅಲ್ಲಿ ಬರವಣಿಗೆಯಲ್ಲೇ ಏನೋ ಇದೆ: ಲಯ ಬರೆದ ರೀತಿ ಗೊಂದಲವಾಗಿರಬಹುದು, ಬೋ ತಿರುಗುವ ಜಾಗ ಸಿಗದಿರಬಹುದು, ಒಬ್ಬರಿಗೊಬ್ಬರು ಕೇಳಿಸದೇ ಇರಬಹುದು.

ಮಾತನಾಡುವಾಗ ಕಡಿಮೆ ಮಾತು, ನೇರ ಮಾತು. "ಇಲ್ಲಿ ಇನ್ನೂ ಸ್ವಲ್ಪ ಆಕಾಶ ಬೇಕು" ಎಂದರೆ ಚೆಲ್ಲೋದವರು ಮುಖ ಮುಖ ನೋಡುತ್ತಾರೆ. "ವೈಬ್ರೇಟೋ ಇಲ್ಲದೆ, ಫಿಂಗರ್‌ಬೋರ್ಡ್ ಹತ್ತಿರ ಬೋ ಹಾಕಿ ನೋಡೋಣವೇ?" ಎಂದರೆ ಮರುಕ್ಷಣ ಉತ್ತರ ಸಿಗುತ್ತದೆ. ಒಂದೇ ಜಾಗವನ್ನು ಎರಡು ಮೂರು ರೀತಿ ನುಡಿಸಿ ಕೇಳಲು ಇದೇ ಸಮಯ. ಡೈನಾಮಿಕ್ ಒಂದು ಹಂತ ಇಳಿಸಿ, ಪಿಟ್ಸಿಕಾಟೋ ಬದಲು ಬೋ, ಎರಡನೇ ವಯೊಲಿನ್ ಸುಮ್ಮನಿದ್ದರೆ ಹೇಗೆ? ಕೊನೆಯದನ್ನು ತಪ್ಪದೆ ಮಾಡಿ ನೋಡಿ. ಹೊಸದಾಗಿ ಬರೆಯುವವರು ಎಲ್ಲರಿಗೂ ಎಲ್ಲ ಹೊತ್ತೂ ಕೆಲಸ ಕೊಡುತ್ತಾರೆ. ಒಂದು ಸಾಲು ತೆಗೆದಾಗ ಉಳಿದ ಮೂರು ತೆರೆದುಕೊಳ್ಳುವುದನ್ನು ಕಿವಿಯಾರೆ ಕೇಳಿದರೆ ಯಾವ ಪಾಠವೂ ಬೇಡ.

ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಸಾಕು. ವಾದಕರ ಮುಂದೆ ಎರಡು ಮೂರು ಮೀಟರ್ ದೂರದಲ್ಲಿಡಿ. ಆದರೆ ಫೋನು ಮೆಲುದನಿಯನ್ನು ತಾನಾಗಿ ಏರಿಸಿ, ಜೋರು ದನಿಯನ್ನು ಇಳಿಸುವ ಸಾಧ್ಯತೆ ಇರುತ್ತದೆ. ಬ್ಯಾಲೆನ್ಸ್ ಹೇಗಿತ್ತು ಎಂಬುದನ್ನು ಆ ರೆಕಾರ್ಡಿಂಗ್ ನೋಡಿ ತೀರ್ಮಾನಿಸಬೇಡಿ. ಆ ಕೋಣೆಯಲ್ಲಿ ನಿಮ್ಮ ಕಿವಿಗೆ ಕೇಳಿಸಿದ್ದನ್ನು ಅಲ್ಲೇ ಬರೆದುಕೊಳ್ಳಿ.

ಹೊರಡುವ ಮುನ್ನ ಪಾರ್ಟ್‌ಗಳನ್ನು ವಾಪಸ್ ಕೇಳಿ ತೆಗೆದುಕೊಳ್ಳಿ. ವಾದಕರು ಬಾಯಿಬಿಟ್ಟು ಹೇಳದೇ ಇದ್ದದ್ದನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ಕನ್ನಡಕದ ಚಿತ್ರ ಬರೆದಿದ್ದರೆ ಅಲ್ಲಿ ಇನ್ನೊಬ್ಬರನ್ನು ನೋಡಿಕೊಂಡು ನುಡಿಸಬೇಕಾಯಿತು ಎಂದರ್ಥ. ಬೋಯಿಂಗ್ ಬದಲಾಯಿಸಿದ್ದರೆ ನಿಮ್ಮ ಸ್ಲರ್ (ಒಂದೇ ಎಳೆತದಲ್ಲಿ ನುಡಿಸಬೇಕೆಂಬ ಗೆರೆ) ಉದ್ದವಾಗಿತ್ತು. ಬೀಟ್‌ಗಳ ಮೇಲೆ ಸಣ್ಣ ಗೀಟು ಎಳೆದಿದ್ದರೆ ಲಯವನ್ನು ಬೇರೆ ರೀತಿ ಗುಂಪು ಮಾಡಿ ಬರೆಯಬೇಕಿತ್ತು. ಅವರು ಸೇರಿಸಿದ ಶಾರ್ಪ್, ಫ್ಲ್ಯಾಟ್ ಗುರುತುಗಳು ಮುಂದಿನ ಆವೃತ್ತಿಯಲ್ಲಿ ಮುದ್ರಣದಲ್ಲೇ ಇರಲಿ. ಯಾರೂ ಮುಲಾಜಿಗೆ ಬೀಳದೆ ಕೊಡುವ ಅಭಿಪ್ರಾಯ ಇದು.

ಹಂತ 8: ಕೇಳಿಸಿಕೊಳ್ಳುವುದು

ನಾಲ್ಕೈದು ಜನ ಕೂತು ಮಾತನಾಡುವ ಸಂದರ್ಭವಾದರೆ ಒಂದು ಕ್ರಮ ಇಟ್ಟುಕೊಳ್ಳಿ. ಅಮೆರಿಕದ ನೃತ್ಯ ಸಂಯೋಜಕಿ ಲಿಝ್ ಲರ್ಮನ್ 1990ರಲ್ಲಿ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮ ಸಂಗೀತಕ್ಕೂ ಚೆನ್ನಾಗಿ ಹೊಂದುತ್ತದೆ. ಮೊದಲು ಎಲ್ಲರೂ ತಮಗೆ ಯಾವುದು ತಟ್ಟಿತು, ಯಾವುದು ನೆನಪಲ್ಲಿ ಉಳಿಯಿತು ಎಂದು ಹೇಳುತ್ತಾರೆ. ನಂತರ ಬರೆದವರು ಪ್ರಶ್ನೆ ಕೇಳುತ್ತಾರೆ. ಆಮೇಲೆ ಕೇಳಿದವರು ಪ್ರಶ್ನೆ ಹಾಕುತ್ತಾರೆ, ಆದರೆ ಅದರಲ್ಲಿ ಅಭಿಪ್ರಾಯ ಬೆರೆತಿರಬಾರದು: "ಕೊನೆ ಯಾಕೆ ಇಷ್ಟು ತಟ್ಟನೆ?" ಬೇಡ, "ಕೊನೆಯಲ್ಲಿ ಕೇಳುಗರಿಗೆ ಏನನ್ನಿಸಬೇಕು ಎಂದುಕೊಂಡಿದ್ದೀರಿ?" ಆಗಬಹುದು. ಅಭಿಪ್ರಾಯ ಬರುವುದು ಕೊನೆಗೆ, ಅದೂ ಬರೆದವರ ಒಪ್ಪಿಗೆ ಕೇಳಿ. ಮೊದಮೊದಲು ನಾಟಕ ಅನ್ನಿಸುತ್ತದೆ. ಆದರೂ ಬಾಯಿ ಜೋರಿರುವ ಒಬ್ಬರೇ ಎಲ್ಲವನ್ನೂ ತೀರ್ಮಾನಿಸುವುದು ಇದರಿಂದ ತಪ್ಪುತ್ತದೆ.

ನಿಮ್ಮ ಕೆಲಸ ಬರೆದುಕೊಳ್ಳುವುದು. ವಿವರಣೆ ಕೊಡಬೇಡಿ. "ಅಲ್ಲ, ಅದು ಬೇಕಂತಲೇ ಹಾಗೆ ಮಾಡಿದ್ದು" ಎಂದ ಕೂಡಲೇ ಎದುರಿನವರು ತಣ್ಣಗಾಗುತ್ತಾರೆ, ಮುಂದಿನ ಮಾತನ್ನು ನುಂಗಿಕೊಳ್ಳುತ್ತಾರೆ. ನೀವು ಕೇಳಬಹುದಾದದ್ದು ಎರಡೇ: "ಯಾವ ಬಾರ್?" ಮತ್ತು "ಇನ್ನೂ ಸ್ವಲ್ಪ ಹೇಳ್ತೀರಾ?"

ಹಂತ 9: ಬಂದ ಮಾತನ್ನು ಜರಡಿ ಹಿಡಿಯುವುದು

ಒಂದೆರಡು ದಿನ ಬಿಟ್ಟು ಟಿಪ್ಪಣಿ ತೆಗೆಯಿರಿ. ಬರೆದ ತಪ್ಪು, ಬಿಟ್ಟುಹೋದ ಗುರುತು, ನುಡಿಸಲಾಗದ ಜಾಗ, ಇವನ್ನು ಯೋಚಿಸದೆ ಸರಿ ಮಾಡಿ. ಇದರಲ್ಲಿ ಅಭಿಮಾನದ ಪ್ರಶ್ನೆಯಿಲ್ಲ.

ಉಳಿದದ್ದರಲ್ಲಿ ನಾನು ನಂಬುವ ಸೂತ್ರ ಒಂದೇ. ಎಲ್ಲಿ ತೊಂದರೆ ಇದೆ ಎಂದು ಕೇಳುಗರು ಹೇಳಿದರೆ ನಂಬಿ. ಏನು ಮಾಡಬೇಕು ಎಂದು ಹೇಳಿದರೆ ಅದನ್ನು ಒಂದು ಸಲಹೆಯಾಗಿ ಮಾತ್ರ ಇಟ್ಟುಕೊಳ್ಳಿ. ಒಂದೇ ಜಾಗವನ್ನು ಇಬ್ಬರು ತೋರಿಸಿ, ಒಬ್ಬರು "ಕತ್ತರಿಸಿ" ಎಂದು, ಇನ್ನೊಬ್ಬರು "ಉದ್ದ ಮಾಡಿ" ಎಂದು ಹೇಳಬಹುದು. ಮೇಲ್ನೋಟಕ್ಕೆ ಅವರು ಜಗಳವಾಡುತ್ತಿದ್ದಾರೆ. ನಿಜಕ್ಕೂ ಇಬ್ಬರೂ ಆ ಜಾಗ ಕೂರುತ್ತಿಲ್ಲ ಎಂಬ ಒಂದೇ ಮಾತು ಹೇಳುತ್ತಿದ್ದಾರೆ.

ತೋರಿಸಿದ ಜಾಗದಲ್ಲೇ ಕಾರಣ ಇರಬೇಕೆಂದೂ ಇಲ್ಲ. 90ನೇ ಬಾರ್‌ನಲ್ಲಿ ಬೇಸರವಾಯಿತು ಎಂದರೆ 60ರಿಂದ ಹಿಡಿದು ನೋಡಿ. ಅಲ್ಲಿಂದ ಹಾರ್ಮನಿ ಕದಲದೇ ಇರಬಹುದು, ನಾಲ್ಕೂ ವಾದ್ಯಗಳು ಬಿಡುವಿಲ್ಲದೆ ಒಂದೇ ಎತ್ತರದಲ್ಲಿ ನುಡಿಸುತ್ತಿರಬಹುದು. ಅಂತ್ಯ ಬಲವಾಗಿಲ್ಲ ಎಂದು ಹೇಳಿದಾಗಲಂತೂ ನೂರಕ್ಕೆ ತೊಂಬತ್ತು ಸಲ ಹಿಂದೆಯೇ ಎಲ್ಲೋ ಒಂದು ಕಡೆ ಶಿಖರವನ್ನು ಮುಟ್ಟಿ ಮುಗಿಸಿರುತ್ತೀರಿ.

ಜರ್ಮನ್ ಸಂಯೋಜಕ ಬ್ರಾಮ್ಸ್‌ನ ಎಫ್ ಮೈನರ್ ಪಿಯಾನೋ ಕ್ವಿಂಟೆಟ್ (ಐದು ವಾದ್ಯಗಳ ಕೃತಿ), ಓಪಸ್ 34, ಇದಕ್ಕೆ ಒಳ್ಳೆಯ ಉದಾಹರಣೆ. 1862ರಲ್ಲಿ ಅದು ಹುಟ್ಟಿದ್ದು ಎರಡು ಚೆಲ್ಲೋ ಇರುವ ಸ್ಟ್ರಿಂಗ್ ಕ್ವಿಂಟೆಟ್ ಆಗಿ. ವಯೊಲಿನ್ ವಾದಕ ಯೋಸೆಫ್ ಯೋಆಖಿಮ್‌ಗೆ ಸಂಗೀತದ ಶಕ್ತಿ ಹಿಡಿಸಿತು, ಆದರೆ ಆ ವಾದ್ಯಗಳಲ್ಲಿ ಅದರ ಧ್ವನಿ ಹಿಡಿಸಲಿಲ್ಲ. ಬ್ರಾಮ್ಸ್ ಅದನ್ನು ಎರಡು ಪಿಯಾನೋಗಳ ಸೊನಾಟಾ ಮಾಡಿದ. ಆಗ ಪಿಯಾನೋ ವಾದಕಿ ಕ್ಲಾರಾ ಶೂಮನ್, ಇದು ಬೇರೆ ಯಾವುದೋ ಕೃತಿಯನ್ನು ಪಿಯಾನೋಗೆ ಇಳಿಸಿದಂತಿದೆ, ಮತ್ತೆ ಕೈಗೆತ್ತಿಕೊಳ್ಳಿ ಎಂದು ಬರೆದರು. 1864ರಲ್ಲಿ ಅದು ಪಿಯಾನೋ ಮತ್ತು ಸ್ಟ್ರಿಂಗ್ ಕ್ವಾರ್ಟೆಟ್‌ಗೆ ಬಂತು, 1865ರಲ್ಲಿ ಅಚ್ಚಾಯಿತು. ಇಬ್ಬರ ದೂರೂ ಸಂಗೀತದ ಮೇಲಿರಲಿಲ್ಲ, ಅದರ ಧ್ವನಿಯ ಮೇಲಿತ್ತು. ಬ್ರಾಮ್ಸ್ ಥೀಮ್‌ಗಳನ್ನು ಕೆಡವಲಿಲ್ಲ, ವಾದ್ಯಗಳನ್ನು ಬದಲಾಯಿಸಿದ. ದೂರು ಯಾವುದರ ಮೇಲಿದೆ ಎಂದು ಸರಿಯಾಗಿ ಓದಿಕೊಳ್ಳುವುದೇ ಇಲ್ಲಿನ ಜಾಣ್ಮೆ.

ಇನ್ನು ಶುದ್ಧ ಅಭಿರುಚಿಯ ಮಾತುಗಳು. "ನನಗೆ ಇಷ್ಟು ಡಿಸೊನೆನ್ಸ್ (ಸ್ವರಗಳ ಕರ್ಕಶ ಘರ್ಷಣೆ) ಹಿಡಿಸುವುದಿಲ್ಲ" ಎಂದರೆ ಅದು ಅವರ ಬಗ್ಗೆ ಮಾಹಿತಿ, ನಿಮ್ಮ ಕೃತಿಯ ಬಗ್ಗೆ ಅಲ್ಲ. ಧನ್ಯವಾದ ಹೇಳಿ ಮುಂದೆ ಹೋಗಿ. ಕೆಲವೊಮ್ಮೆ ನಡುದಾರಿಯೂ ಇರುತ್ತದೆ. ಬೀಥೋವನ್‌ನ ಓಪಸ್ 130 ಕ್ವಾರ್ಟೆಟ್‌ನ ಕೊನೆಯ ಭಾಗವಾಗಿದ್ದ ದೊಡ್ಡ ಫ್ಯೂಗ್ (ಒಂದೇ ಥೀಮನ್ನು ವಾದ್ಯಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರೂಪ) 1826ರ ಮಾರ್ಚ್‌ನಲ್ಲಿ ಮೊದಲ ಸಲ ನುಡಿಸಿದಾಗ ಕೇಳುಗರಿಗೆ ಜೀರ್ಣವಾಗಲಿಲ್ಲ. ಪ್ರಕಾಶಕರ ಒತ್ತಾಯಕ್ಕೆ ಬೀಥೋವನ್ ಅದೇ ವರ್ಷ ಬೇರೊಂದು ಕೊನೆಯ ಭಾಗ ಬರೆದುಕೊಟ್ಟ. ಫ್ಯೂಗ್ ಅನ್ನು ಮಾತ್ರ ಹರಿದು ಹಾಕಲಿಲ್ಲ, ಅದು ಓಪಸ್ 133 ಆಗಿ ಬೇರೆಯೇ ಅಚ್ಚಾಯಿತು. ಈಗ ಎರಡನ್ನೂ ನುಡಿಸುತ್ತಾರೆ. ತೆಗೆದ ಭಾಗವನ್ನು ಅಳಿಸಬೇಡಿ, ಬೇರೆ ಫೋಲ್ಡರ್‌ನಲ್ಲಿಡಿ.

ಹಂತ 10: ತಿದ್ದಿ, ಮತ್ತೊಮ್ಮೆ ತೋರಿಸಿ

ದೊಡ್ಡದರಿಂದ ಸಣ್ಣದಕ್ಕೆ ಬನ್ನಿ. ಮೊದಲು ರೂಪ, ಆಮೇಲೆ ಯಾರು ಯಾವಾಗ ನುಡಿಸಬೇಕು ಎಂಬುದು, ಕೊನೆಗೆ ಡೈನಾಮಿಕ್ಸ್ ಮತ್ತು ಬೋಯಿಂಗ್. ಕತ್ತರಿಸಲಿರುವ ಹದಿನೈದು ಬಾರ್‌ಗಳ ಸ್ಲರ್ ತಿದ್ದುತ್ತಾ ಕೂರುವುದು ಯಾಕೆ, ಅಲ್ವಾ? ಸ್ಕೋರ್ ತಿದ್ದಿದ ಮೇಲೆ ಪಾರ್ಟ್‌ಗಳ ಪುಟ ತಿರುಗಿಸುವ ಜಾಗ ಮತ್ತೆ ನೋಡಿ, ಅವು ಖಂಡಿತ ಕದಲಿರುತ್ತವೆ.

ಅಭಿಪ್ರಾಯ ಕೊಟ್ಟವರಿಗೆ ಒಂದು ಸಣ್ಣ ಪತ್ರ ಬರೆಯಿರಿ. ಅವರು ಹೇಳಿದ್ದರಲ್ಲಿ ಯಾವುದರಿಂದ ಏನು ಬದಲಾಯಿತು ಎಂದು ಬಾರ್ ಸಂಖ್ಯೆ ಸಮೇತ ತಿಳಿಸಿ. ಪಾಲಿಸದ ಸಲಹೆಗಳಿಗೆ ಸಮರ್ಥನೆ ಬೇಡ. ತಮ್ಮ ಮಾತಿಗೆ ಬೆಲೆ ಸಿಕ್ಕಿತು ಎಂದು ಗೊತ್ತಾದವರು ಮುಂದಿನ ಸಲ ಇನ್ನೂ ಗಮನವಿಟ್ಟು ಕೇಳುತ್ತಾರೆ. ಅವರೂ ಬರೆಯುವವರಾಗಿದ್ದರೆ ಅವರ ಕೃತಿಯನ್ನು ನೀವೂ ಇದೇ ಶ್ರದ್ಧೆಯಿಂದ ಕೇಳಿ.

ಎರಡನೇ ಸುತ್ತಿಗೆ ಹಳಬರಲ್ಲಿ ಒಬ್ಬರು, ಹೊಸಬರಲ್ಲಿ ಒಬ್ಬರು ಇರಲಿ. ಹಳಬರು ಮೊದಲಿಗಿಂತ ಉತ್ತಮವಾಯಿತೇ ಎಂದು ಹೇಳಬಲ್ಲರು, ಆದರೆ ಅವರಿಗೆ ಕೃತಿ ಈಗಾಗಲೇ ಪರಿಚಿತ. ಗೊಂದಲವಿದ್ದ ಜಾಗ ನಿಜಕ್ಕೂ ತಿಳಿಯಾಗಿದೆಯೋ ಎಂದು ಹೇಳುವುದು ಮೊದಲ ಸಲ ಕೇಳುವ ಕಿವಿ ಮಾತ್ರ. ಹೊಸಬರಿಗೆ ಹಿಂದಿನ ದೂರುಗಳ ಬಗ್ಗೆ ಏನೂ ಹೇಳಬೇಡಿ. ಅವರು ಆ ಜಾಗವನ್ನು ಗಮನಿಸದೇ ದಾಟಿಹೋದರೆ ಅದು ಸರಿಹೋಗಿದೆ. ಬರುವ ಮಾತುಗಳೆಲ್ಲ ಅಭಿರುಚಿಯವೇ ಆಗಿ, ಯಾವ ಇಬ್ಬರೂ ಒಂದೇ ಜಾಗ ತೋರಿಸದಿದ್ದರೆ, ತಾರೀಕು ಹಾಕಿ ಪಾರ್ಟ್‌ಗಳನ್ನು ಪ್ರಿಂಟ್‌ಗೆ ಕೊಡಿ ಮತ್ತು ಮುಂದಿನ ಕೃತಿ ಶುರು ಮಾಡಿ.